ಪೂರ್ತಿ ವಿಡಿಯೋ ಯಾರೂ ನೋಡಲಿಲ್ಲ: 2018ರ ಮಕ್ಕಳ ಕಳ್ಳರ ಫಾರ್ವರ್ಡ್ ನೆನಪಿದೆಯಾ?

ಹಳೇ_ಚಾರ್ಜರ್
ಮೊನ್ನೆ ಮನೆ ಬದಲಾಯಿಸುವಾಗ ನನ್ನ ಹಳೆ ಫೋನ್ ಸಿಕ್ಕಿತು. ಚಾರ್ಜಿಗೆ ಹಾಕಿದೆ, ಹತ್ತು ನಿಮಿಷ ಬಿಟ್ಟು ಜೀವ ಬಂತು. ಗ್ಯಾಲರಿ ತುಂಬಾ ಗುಡ್ ಮಾರ್ನಿಂಗ್ ಗುಲಾಬಿ ಹೂವು. ಅದರ ಮಧ್ಯೆ 2018ರ ಮೇ ತಿಂಗಳ ಒಂದು ವಿಡಿಯೋ. ತೆರೆಯುವ ಮೊದಲೇ ಯಾವುದು ಅಂತ ಗೊತ್ತಾಯಿತು. ಒಂದು ಗಲ್ಲಿ, ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಬೈಕಲ್ಲಿ ಇಬ್ಬರು ಬರುತ್ತಾರೆ. ಒಂದು ಪುಟ್ಟ ಮಗುವನ್ನು ಎತ್ತಿಕೊಂಡು ಸರ್ರಂತ ಹೊರಟುಹೋಗುತ್ತಾರೆ. ಅಷ್ಟೇ.

ಬೆಂಗಳೂರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಆಗ ಇದನ್ನು ಫಾರ್ವರ್ಡ್ ಮಾಡುತ್ತಿದ್ದರು. ಆದರೆ ಇದು ಬೆಂಗಳೂರಲ್ಲ, ಪಾಕಿಸ್ತಾನದ ಕರಾಚಿ. ಮಕ್ಕಳ ಮೇಲೆ ಒಂದು ಕಣ್ಣಿಡಿ ಅಂತ ಹೇಳಲು ಅಲ್ಲಿನ ಒಂದು ಸಂಸ್ಥೆ ಮಾಡಿಸಿದ ಜಾಗೃತಿ ಚಿತ್ರ. ಅಸಲಿ ವಿಡಿಯೋದಲ್ಲಿ ಅದೇ ಬೈಕ್ ವಾಪಸ್ ಬರುತ್ತದೆ, ಮಗುವನ್ನು ಕೆಳಗಿಳಿಸುತ್ತಾರೆ, ಒಬ್ಬ ಬೋರ್ಡ್ ಹಿಡಿದು ತೋರಿಸುತ್ತಾನೆ. ಕರಾಚಿ ಬೀದಿಯಲ್ಲಿ ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಅನ್ನುವ ಮಾತು ಅದರಲ್ಲಿ. ನಮಗೆ ಬಂದದ್ದರಲ್ಲಿ ಆ ಭಾಗವನ್ನೇ ಯಾರೋ ಕತ್ತರಿಸಿದ್ದರು.

ಅದೇ ಮೇ 23ಕ್ಕೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಅಂತ ಹೊಡೆದು ಸಾಯಿಸಿದರು. ಜುಲೈನಲ್ಲಿ ಬೀದರ್ ಕಡೆ ಇನ್ನೊಂದು. ನಾನೂ ಆ ವಿಡಿಯೋವನ್ನು ಮೂರು ಗ್ರೂಪಿಗೆ ಕಳಿಸಿದ್ದೆ. ಚಾಮರಾಜಪೇಟೆಯ ಘಟನೆಗೆ ಒಂದು ವಾರ ಮೊದಲು.

ನನ್ನ ಪ್ರಶ್ನೆ ಇಷ್ಟೇ. ಕೈಯಲ್ಲಿ ಈ ಯಂತ್ರ ಇಲ್ಲದಿದ್ದರೆ ನಾವು ಹೀಗೆ ಆಡುತ್ತಿರಲಿಲ್ಲವಾ? ಅಥವಾ ನಾವು ಇರುವುದೇ ಹೀಗೆ, ಫೋನ್ ಒಂದು ನೆಪವಾ?

ಬನಶಂಕರಿ_ಬಸ್
ಡಿಲೀಟ್ ಮಾಡಿ ಸ್ವಾಮಿ ಮೊದಲು. ಇನ್ನೂ ಇಟ್ಟುಕೊಂಡಿದ್ದೀರಲ್ಲ.

ನಿವೃತ್ತ_ಡೆಸ್ಕು
ನಾನು ಪತ್ರಿಕೆಯ ಡೆಸ್ಕಿನಲ್ಲಿ 30 ವರ್ಷ ಕೂತವನು. ಫೋನ್ ಮೇಲೆ ಎಲ್ಲ ತಪ್ಪು ಹೊರಿಸುವವರಿಗೆ ಒಂದೇ ಮಾತು: 1991ರ ಡಿಸೆಂಬರ್. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಯಿತು, ಮಾರನೆ ದಿನದಿಂದ ಬೆಂಗಳೂರು ಹೊತ್ತಿ ಉರಿಯಿತು. ಆಗ ಯಾರ ಜೇಬಲ್ಲಿ ಮೊಬೈಲ್ ಇತ್ತು? ಟಿವಿ ಅಂದರೆ ದೂರದರ್ಶನ, ಸಂಜೆ ವಾರ್ತೆ, ಅದರಲ್ಲೂ ಸರ್ಕಾರ ಹೇಳಿದ್ದಷ್ಟೇ. ಆದರೂ ತಮಿಳರ ಗುಡಿಸಲು ಸುಟ್ಟರು, ಸಾವಿರಾರು ಜನ ಊರು ಬಿಟ್ಟು ಓಡಿದರು. ಗಾಳಿಸುದ್ದಿಗೆ ಬಾಯಿಯೇ ಸಾಕಾಗಿತ್ತು. "ಅಲ್ಲಿ ನಮ್ಮವರನ್ನು ಕೊಚ್ಚಿ ಹಾಕಿದರಂತೆ" ಅನ್ನುವ ಫೋನ್ ಕರೆ ನಮ್ಮ ಆಫೀಸಿಗೆ ಗಂಟೆಗೆ ಹತ್ತು ಬರುತ್ತಿತ್ತು, ಲ್ಯಾಂಡ್‌ಲೈನಿಗೆ. ನೀವು ಕಣ್ಣಾರೆ ಕಂಡಿರಾ ಅಂದರೆ "ಇಲ್ಲ ಸಾರ್, ನಮ್ಮ ಭಾವಮೈದ ಹೇಳಿದ". ಎಲ್ಲರಿಗೂ ಒಬ್ಬ ಭಾವಮೈದ.

ಇನ್ನು 1994ರ ಅಕ್ಟೋಬರ್. ದೂರದರ್ಶನದಲ್ಲಿ ಕನ್ನಡ ವಾರ್ತೆಯಾದ ಮೇಲೆ 10 ನಿಮಿಷ ಉರ್ದು ವಾರ್ತೆ ಶುರು ಮಾಡಿದರು. ಬರೀ 10 ನಿಮಿಷ. ಗಲಭೆಯಲ್ಲಿ 20ಕ್ಕೂ ಜಾಸ್ತಿ ಜನ ಸತ್ತರು. ಅದರಲ್ಲಿ ಸುಳ್ಳು ಸುದ್ದಿ ಏನೂ ಇರಲಿಲ್ಲ, ಬೆಂಕಿ ಹಚ್ಚುವ ಮಾತೂ ಇರಲಿಲ್ಲ. ಯಾವ ಹೊತ್ತಿಗೆ, ಯಾವ ಭಾಷೆಯಲ್ಲಿ ಅನ್ನುವುದೇ ಜಗಳ.

ಡಾಟಾ_ಪ್ಯಾಕ್
ಅಂಕಲ್, ಭಾವಮೈದನ ಮಾತಿಗೂ ವಿಡಿಯೋಗೂ ವ್ಯತ್ಯಾಸ ಇಲ್ವಾ? ಭಾವಮೈದ ಹೇಳಿದರೆ "ಹೋಗಯ್ಯ ಸುಮ್ನೆ" ಅನ್ನಬಹುದು. ವಿಡಿಯೋ ನೋಡಿದವನು ತಾನೇ ಸಾಕ್ಷಿ ಅಂದುಕೊಳ್ಳುತ್ತಾನೆ. "ನಾನೇ ಕಣ್ಣಾರೆ ನೋಡಿದೆ" ಅನ್ನುತ್ತಾನೆ. ನೋಡಿದ್ದು ಆರು ಇಂಚಿನ ಗಾಜು.

ನಿವೃತ್ತ_ಡೆಸ್ಕು
ಅದು ಸರಿ. ಒಪ್ಪಿದೆ.

ಬೀದರ್_ಬಿಸಿಲು
ಬೀದರ್ ಕಡೆ ಇನ್ನೊಂದು ಅಂತ ಒಂದೇ ಸಾಲಲ್ಲಿ ಮುಗಿಸಿದಿರಿ. ನಮ್ಮ ಕಡೆಯ ವಿಷಯ ಯಾವಾಗಲೂ ಹಂಗೇ ನೋಡ್ರಿ, ಒಂದೇ ಸಾಲು.

ನಾನು ಔರಾದ್ ಕಡೆಯವನು. 2018ರ ಜುಲೈ 13. ಹೈದರಾಬಾದಿನಿಂದ ಕಾರಲ್ಲಿ ಬಂದ ಗೆಳೆಯರು ಹಂದಿಕೇರಾ ಹತ್ತಿರ ನಿಲ್ಲಿಸಿ ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅವರಲ್ಲಿ ಒಬ್ಬ ಕತಾರ್‌ನಿಂದ ಬಂದವನು, ಚಾಕಲೇಟೂ ಅಲ್ಲಿಂದಲೇ ಬಂದದ್ದು. ಜನಕ್ಕೆ ಅನುಮಾನ ಬಂತು, ಮಾತಿಗೆ ಮಾತು ಬೆಳೆಯಿತು, ಇವರು ಹೆದರಿ ಕಾರು ಓಡಿಸಿದರು. ಇಲ್ಲಿ ಕೇಳಿ. ಕಾರಿಗಿಂತ ಮೊದಲು ಸುದ್ದಿ ಮುರ್ಕಿ ಊರಿಗೆ ಮುಟ್ಟಿತು. ವಾಟ್ಸಾಪಿನಲ್ಲಿ. ಅಲ್ಲಿ ದಾರಿಗೆ ಅಡ್ಡ ಹಾಕಿ ಕಾದರು. ಕಾರು ಪಲ್ಟಿ ಆಯಿತು. ಗಾಯ ಆಗಿ ಬಿದ್ದವರನ್ನೇ ಎಳೆದು ಹೊಡೆದರು. ಬಿಡಿಸಲು ಬಂದ ಪೊಲೀಸರಿಗೂ ಏಟು ಬಿತ್ತು. ಒಬ್ಬ ಸತ್ತ, ಇಂಜಿನಿಯರ್.

ನಿಮ್ಮ 1991ರ ಬಾಯಿ ಎಷ್ಟು ದೊಡ್ಡದಾದರೂ ಕಾರಿಗಿಂತ ಜೋರಾಗಿ ಓಡುತ್ತಿರಲಿಲ್ಲ ಸರ್. ಆ ಕಾಲ ಆಗಿದ್ದರೆ ಅವರು ಮುರ್ಕಿ ದಾಟಿ, ಊಟಕ್ಕೆ ಮನೆ ಮುಟ್ಟುತ್ತಿದ್ದರು.

ಸುಮ್ನೆ_ಓದುವವಳು
ಈ ಕೊನೆ ಸಾಲು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಡಾಟಾ_ಪ್ಯಾಕ್
ಇದಾದ ಒಂದು ವಾರಕ್ಕೆ ವಾಟ್ಸಾಪ್‌ನವರು ಇಂಡಿಯಾದಲ್ಲಿ ಒಂದು ಸಲಕ್ಕೆ 5 ಚಾಟಿಗೆ ಮಾತ್ರ ಫಾರ್ವರ್ಡ್ ಅಂತ ಮಾಡಿದರು. ಅದೇ ಜುಲೈನಲ್ಲೇ 'ಫಾರ್ವರ್ಡೆಡ್' ಅನ್ನುವ ಚೀಟಿ ಅಂಟಿಸಲು ಶುರು ಮಾಡಿದ್ದು. 2020ರಲ್ಲಿ ಕೊರೋನಾ ಬಂದಾಗ, ತುಂಬಾ ಸುತ್ತಾಡಿದ ಮೆಸೇಜ್ ಆದರೆ ಒಂದು ಸಲಕ್ಕೆ ಒಂದೇ ಚಾಟ್ ಅಂದರು. ಅಂದರೆ ಅವರಿಗೂ ಗೊತ್ತಿತ್ತು, ಸಮಸ್ಯೆ ಮಾತಿನದ್ದಲ್ಲ, ಬಟನ್‌ದು. ಒಂದು ಬಟನ್ ತಿದ್ದಲು ಎಷ್ಟು ಹೆಣ ಬೀಳಬೇಕಾಯಿತು ನೋಡಿ.

ಮಂಡ್ಯ_ಹೈದ
ಕಾವೇರಿ ಹೆಸರು ಬಂತಲ್ಲ, ಸುಮ್ಮನಿರೋಕಾಗಲ್ಲ.

2016ರ ಸೆಪ್ಟೆಂಬರ್ 5ಕ್ಕೆ ಸುಪ್ರೀಂ ಕೋರ್ಟ್ ಹೇಳಿತು, ದಿನಾ 15,000 ಕ್ಯೂಸೆಕ್‌ನಂತೆ 10 ದಿನ ನೀರು ಬಿಡಿ ಅಂತ. ನಾವು ಸಂಜಯ ಸರ್ಕಲ್‌ನಲ್ಲಿ ಕೂತೆವು. ನಮ್ಮಪ್ಪನೂ ಇದ್ದರು. ಕ್ಯಾಮೆರಾದವರು ಬಂದರು. ಅಪ್ಪ ಅವರಿಗೆ ಬಹಳ ಚೆನ್ನಾಗಿ ವಿವರಿಸಿದರು, ಭತ್ತದ ಒಟ್ಲು (ಸಸಿಮಡಿ) ಬಿಟ್ಟು ಎಷ್ಟು ದಿನ ಆಯಿತು, ನಾಲೆಗೆ ಯಾವಾಗ ನೀರು ಬಿಡಬೇಕಿತ್ತು, ಸೊಸೈಟಿ ಸಾಲ ಎಷ್ಟಿದೆ, ಎಲ್ಲ. ಆ ಹುಡುಗ ತಲೆ ಆಡಿಸಿದ. ಆಮೇಲೆ ಅಂದ, "ಯಜಮಾನ್ರೇ, ಟೈರ್ ಏನಾದರೂ ಇದೆಯಾ?"

ಟೈರ್ ಇತ್ತು. ಯಾರೋ ತಂದರು, ಹಚ್ಚಿದರು. ಘೋಷಣೆ ಕೂಗಿದೆವು. ಅಷ್ಟರಲ್ಲಿ ಅವನು, "ಇನ್ನೊಂದು ಸಲ ಕೂಗಿ, ಬ್ಯಾಟರಿ ಚೇಂಜ್ ಮಾಡ್ತಿದ್ದೆ" ಅಂದ. ಇನ್ನೊಂದು ಸಲ ಕೂಗಿದೆವು! ರಾತ್ರಿ ಟಿವಿಯಲ್ಲಿ ಬಂದದ್ದು ಬೆಂಕಿ, ಹೊಗೆ, ನಮ್ಮ ತೆರೆದ ಬಾಯಿ. ಕೆಳಗೆ ಕೆಂಪಕ್ಷರದಲ್ಲಿ "ಮಂಡ್ಯ ಧಗಧಗ". ಅಪ್ಪನ ಒಟ್ಲು ಬರಲೇ ಇಲ್ಲ. ಅಪ್ಪ ಆ ಚಾನೆಲ್ ನೋಡೋದನ್ನು ಅವತ್ತೇ ಬಿಟ್ಟರು. ಈಗ ಬರೀ ಸೀರಿಯಲ್.

ಮಲೆನಾಡು_ಮಾಣಿ
ಅಯ್ಯೋ ಅದೇ ತಿಂಗಳು 12ನೇ ತಾರೀಕು. ನಾನು ಮಲ್ಲೇಶ್ವರದಲ್ಲಿ ಎಂಟನೇ ಕ್ರಾಸಿನಲ್ಲಿ ಕರಿಬೇವು ತಗೊಳ್ತಾ ಇದ್ದೆ. ಮಧ್ಯಾಹ್ನ. ತೀರ್ಥಹಳ್ಳಿಯಿಂದ ಅಮ್ಮನ ಫೋನ್, ಅಳುತ್ತಾ. "ಬೆಂಗಳೂರು ಪೂರ್ತಿ ಉರೀತಿದೆಯಂತೆ, ನೀನು ಎಲ್ಲಿದೀಯಾ." ಕರಿಬೇವು ಅಂದೆ. ನಂಬಲಿಲ್ಲ. ಟಿವಿಯಲ್ಲಿ ತೋರಿಸ್ತಿದ್ದದ್ದು ಒಂದೇ ಡಿಪೋದ ಬಸ್ಸುಗಳು, ಅದನ್ನೇ ತಿರುಗಿಸಿ ಮುರುಗಿಸಿ. ಬಸ್ಸು ಸುಟ್ಟದ್ದು ಸುಳ್ಳಲ್ಲ, ಹತ್ತಾರು ಬಸ್ಸು ಬೂದಿಯಾದವು, ಜೀವವೂ ಹೋಯಿತು, 16 ಠಾಣೆ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಿದರು. ಆದರೆ ಒಂದು ಬಸ್ಸು ನೂರು ಸಲ ಸುಟ್ಟರೆ ನೋಡುವವರಿಗೆ ನೂರು ಬಸ್ಸು.

ಸಂಜೆ ಹೊತ್ತಿಗೆ ಟಿವಿ ನೋಡಿಯೇ ಅಂಗಡಿ ಮುಚ್ಚಿದರು. ಕ್ರಾಸ್ ಖಾಲಿ. ಆಗ ನಿಜವಾಗಲೂ ಭಯ ಆಯಿತು ನನಗೆ.

ಬನಶಂಕರಿ_ಬಸ್
ಮೊದಲು ಶುರು ಮಾಡಿದ್ದು ತಮಿಳುನಾಡಿನವರೇ ಅಲ್ವಾ? ರಾಮೇಶ್ವರದಲ್ಲಿ ನಮ್ಮ ಡ್ರೈವರ್‌ಗಳನ್ನು ಹೊಡೆದ ವಿಡಿಯೋ ಬಂದ ಮೇಲೆ ಇಲ್ಲಿ ರೊಚ್ಚಿಗೆದ್ದರು.

ಮಂಡ್ಯ_ಹೈದ
ಇಲ್ಲ ಗುರು. ಅದಕ್ಕೂ ಮೊದಲು ಬೆಂಗಳೂರಿನಲ್ಲೇ ಒಬ್ಬ ತಮಿಳು ವಿದ್ಯಾರ್ಥಿಯನ್ನು ಹೊಡೆದರು, ಕನ್ನಡ ನಟರ ಬಗ್ಗೆ ಫೇಸ್‌ಬುಕ್ಕಲ್ಲಿ ಏನೋ ಹಾಕಿದ ಅಂತ. ಹೊಡೆದು, ಕ್ಷಮೆ ಕೇಳಿಸಿ, ಅದನ್ನು ತಾವೇ ವಿಡಿಯೋ ಮಾಡಿ ಬಿಟ್ಟರು. ಅದು ಅಲ್ಲಿಗೆ ಹೋಯಿತು. ಅಲ್ಲಿ ಹೊಡೆದರು, ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿಗೆ ಬೆಂಕಿ ಬಾಟಲಿ ಎಸೆದರು. ಅದರ ವಿಡಿಯೋ ಇಲ್ಲಿಗೆ ಬಂತು. ಇಲ್ಲಿ ಬಸ್ಸು ಸುಟ್ಟವು. ನೀನು ಎರಡನೇದನ್ನು ಮೊದಲು ನೋಡಿದ್ದೀಯ, ಅದಕ್ಕೆ ಅಲ್ಲಿಂದ ಶುರು ಅನ್ನಿಸುತ್ತೆ. ಅವರು ಮೊದಲನೇದನ್ನು ಮೊದಲು ನೋಡಿದ್ದಾರೆ.

ಬನಶಂಕರಿ_ಬಸ್
ಹೌದಾ. ನಾನು ಆ ಮೊದಲನೇದು ನೋಡೇ ಇರಲಿಲ್ಲ.

ಬೀದರ್_ಬಿಸಿಲು
ಕರಾಚಿ ವಿಡಿಯೋದಲ್ಲಿ ಕೊನೆ ಕತ್ತರಿಸಿದರು. ಇಲ್ಲಿ ಮೊದಲು ಕತ್ತರಿಸಿದೆ. ಕತ್ತರಿ ಒಂದೇ.

ಲಾಟೀನು
ಎಲ್ಲರೂ ಕ್ಯಾಮೆರಾವನ್ನು ಬೈಯುತ್ತಿದ್ದೀರಿ, ನಾನು ಸ್ವಲ್ಪ ಅದರ ಪರ ಮಾತಾಡ್ತೀನಿ. ಉದ್ದ ಆಗುತ್ತೆ, ಕ್ಷಮಿಸಿ.

ಕಾಂಗೋ. 1904. ಆ ಇಡೀ ದೇಶ ಬೆಲ್ಜಿಯಂ ದೊರೆ ಎರಡನೇ ಲಿಯೋಪಾಲ್ಡನ ಸ್ವಂತ ಆಸ್ತಿ, ಬೆಲ್ಜಿಯಂ ಸರ್ಕಾರದ್ದೂ ಅಲ್ಲ. ಕಾಡಿನಿಂದ ರಬ್ಬರ್ ತಂದುಕೊಡಬೇಕು, ಕಡಿಮೆಯಾದರೆ ಕೊಲ್ಲುತ್ತಿದ್ದರು, ಕೈ ಕಡಿಯುತ್ತಿದ್ದರು. ಯೂರೋಪಿನಲ್ಲಿ ಈ ಸುದ್ದಿ ಮೊದಲೇ ಹೋಗಿತ್ತು, ವರದಿ ಬಂದಿತ್ತು. ದೊರೆ ಕಡೆಯವರು ಎಲ್ಲ ಕಟ್ಟುಕಥೆ ಅಂದುಬಿಡುತ್ತಿದ್ದರು. ಆಗ ಅಲ್ಲಿ ಆಲಿಸ್ ಸೀಲಿ ಹ್ಯಾರಿಸ್ ಅಂತ ಒಬ್ಬ ಇಂಗ್ಲಿಷ್ ಮಿಷನರಿ ಹೆಂಗಸು. ಅವರ ಹತ್ತಿರ ಕ್ಯಾಮೆರಾ ಇತ್ತು. ಒಂದು ದಿನ ಒಬ್ಬ ಅಪ್ಪ ಎಲೆಯಲ್ಲಿ ಏನೋ ಸುತ್ತಿಕೊಂಡು ಬಂದ. ಬಿಚ್ಚಿದರೆ ಅವನ ಐದು ವರ್ಷದ ಮಗಳ ಒಂದು ಕೈ, ಒಂದು ಪಾದ. ಅವನನ್ನು ಜಗಲಿಯ ಮೇಲೆ ಕೂರಿಸಿ ಅವರು ಫೋಟೋ ತೆಗೆದರು. ಅವನು ಕ್ಯಾಮೆರಾ ನೋಡುತ್ತಿಲ್ಲ. ಮುಂದೆ ಇಟ್ಟಿರುವುದನ್ನೇ ನೋಡುತ್ತಿದ್ದಾನೆ. ನಾನು ಆ ಫೋಟೋ ನೋಡಿ ಹತ್ತು ವರ್ಷ ಆಗಿರಬಹುದು, ಅವನು ಕೂತ ರೀತಿ ಇನ್ನೂ ಕಣ್ಣಲ್ಲಿದೆ. ಮೊಣಕಾಲು ಮಡಚಿ, ಸುಮ್ಮನೆ.

ಆ ಚಿತ್ರಗಳನ್ನು ಗಾಜಿನ ಸ್ಲೈಡ್ ಮಾಡಿ ಮ್ಯಾಜಿಕ್ ಲ್ಯಾಂಟರ್ನ್‌ನಲ್ಲಿ ಇಂಗ್ಲೆಂಡ್, ಅಮೆರಿಕದ ಊರೂರಲ್ಲಿ ತೋರಿಸಿದರು. ಟೂರಿಂಗ್ ಟಾಕೀಸ್ ಥರ ಅಂದುಕೊಳ್ಳಿ. ಕಟ್ಟುಕಥೆ ಅನ್ನಲು ಆಗಲಿಲ್ಲ. 1908ರಲ್ಲಿ ದೊರೆ ಕೈಯಿಂದ ಕಾಂಗೋ ತಪ್ಪಿಹೋಯಿತು, ಬೆಲ್ಜಿಯಂ ಸರ್ಕಾರ ತೆಗೆದುಕೊಂಡಿತು. ಫೋಟೋ ಒಂದರಿಂದಲೇ ಆಯಿತು ಅಂತಿಲ್ಲ. ಆದರೆ ಫೋಟೋ ಇಲ್ಲದೆ ಆಗುತ್ತಿತ್ತಾ?

ಕೋಲಾರ_ಚಿನ್ನ
ದೊರೆ ಕೈಯಿಂದ ಸರ್ಕಾರದ ಕೈಗೆ. ಕಾಂಗೋದವರ ಕೈಗೆ 1960ರಲ್ಲಿ. ಆ ಅಪ್ಪನಿಗೆ ಏನು ಸಿಕ್ಕಿತು ಅಣ್ಣ? ಅವನ ದುಃಖವನ್ನು ನೋಡಿ ಲಂಡನ್ನಿನವರು ಕರವಸ್ತ್ರ ತೆಗೆದರು, ಅಷ್ಟೇ. ಅವನು ಆ ಸಭೆಯಲ್ಲಿ ಮಾತಾಡಿದ್ದಾನಾ?

ಲಾಟೀನು
ಇಲ್ಲ. ಆ ಮಾತು ಸರಿ. ಆದರೂ ಫೋಟೋ ಇಲ್ಲದಿದ್ದರೆ ಅವನು ಇದ್ದ ಅಂತಲೇ ನಮಗೆ ಗೊತ್ತಾಗುತ್ತಿರಲಿಲ್ಲ.

ನಿವೃತ್ತ_ಡೆಸ್ಕು
ಲಾಟೀನು ಅವರೇ, ನಮ್ಮಲ್ಲೂ ಒಂದು ಉದಾಹರಣೆ ಇದೆ. 1943, ಬಂಗಾಳದ ಬರಗಾಲ. ಸುಮಾರು 30 ಲಕ್ಷ ಜನ ಸತ್ತರು. ಯುದ್ಧದ ಕಾಲ, ಸೆನ್ಸಾರ್ ಬಿಗಿ. ಪತ್ರಿಕೆಗಳು ಕ್ಷಾಮ ಅನ್ನುವ ಶಬ್ದ ಬಳಸುವಂತಿರಲಿಲ್ಲ. ಕಲ್ಕತ್ತೆಯ ಸ್ಟೇಟ್ಸ್‌ಮನ್ ಸಂಪಾದಕ ಇಯಾನ್ ಸ್ಟೀಫನ್ಸ್, ಬ್ರಿಟಿಷನೇ, ನಿಯಮ ಓದಿ ನೋಡಿದ. ಶಬ್ದದ ಮೇಲೆ ನಿರ್ಬಂಧ ಇದೆ, ಚಿತ್ರದ ಮಾತೇ ಇಲ್ಲ! ಆಗಸ್ಟ್ 22ರ ಭಾನುವಾರ, ಬೀದಿಯಲ್ಲಿ ಹಸಿದು ಬಿದ್ದ ಜನರ ಫೋಟೋಗಳನ್ನು ಹಾಕಿಬಿಟ್ಟ. ದೆಹಲಿ, ಲಂಡನ್ ಎರಡೂ ಕಡೆ ಮುಚ್ಚಿಡಲು ಆಗಲಿಲ್ಲ.

ಇದನ್ನು ನಾನು ಹೊಸದಾಗಿ ಸೇರಿದ ಹುಡುಗರಿಗೆ ಹೇಳುತ್ತಿದ್ದೆ. ನಿಯಮ ಮುರಿಯುವ ಮೊದಲು ಪೂರ್ತಿ ಓದ್ರೋ ಅಂತ.

ಡಾಟಾ_ಪ್ಯಾಕ್
ಸೂಪರ್ ಅಂಕಲ್ ಇದು.

ಕೋಲಾರ_ಚಿನ್ನ
ಸರಿ, ಈಗ ನನ್ನ ಪ್ರಶ್ನೆ. ನೀವೆಲ್ಲ ಸುಳ್ಳು ವಿಡಿಯೋ ಬಗ್ಗೆ ತಲೆ ಕೆಡಿಸಿಕೊಂಡಿದ್ದೀರಿ. ವಿಡಿಯೋನೇ ಇಲ್ಲದ್ದರ ಕಥೆ ಏನು?

ಕಂಬಾಲಪಲ್ಲಿ. 2000ದ ಮಾರ್ಚ್ 11. ಆಗ ನಮ್ಮ ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಏಳು ಜನ ದಲಿತರನ್ನು ಮನೆಯಲ್ಲಿ ಕೂಡಿಹಾಕಿ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ, ಸಾಕ್ಷಿಗಳು ತಿರುಗಿಬಿದ್ದರು ಅಂತ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಮ್ಮ ತಾತ ಸಾಯುವವರೆಗೂ ಕೇಳುತ್ತಿದ್ದರು, "ಹಂಗಾದ್ರೆ ಆ ಮನೆ ತಾನಾಗೇ ಹತ್ತಿಕೊಂಡಿತಾ?" ಆ ಬೆಂಕಿಯನ್ನು ನೀವು ಯಾರಾದರೂ ಟಿವಿಯಲ್ಲಿ ನೂರು ಸಲ ನೋಡಿದ್ದೀರಾ? ಮಂಡ್ಯದ ಟೈರ್ ನೋಡಿದ್ದೀರಿ.

2006ರ ಸೆಪ್ಟೆಂಬರ್, ಮಹಾರಾಷ್ಟ್ರದ ಖೈರ್ಲಾಂಜಿ. ಒಂದೇ ದಲಿತ ಕುಟುಂಬದ ನಾಲ್ವರನ್ನು ಕೊಂದರು. ದೊಡ್ಡ ಪತ್ರಿಕೆಗಳು ಸರಿಯಾಗಿ ಬರೆಯಲು ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಸುದ್ದಿ ಓಡಿದ್ದು ಕರಪತ್ರ, ಎಸ್ಸೆಮ್ಮೆಸ್, ಬ್ಲಾಗುಗಳಲ್ಲಿ. ಆಮೇಲೆ 2016ರ ಜುಲೈ, ಗುಜರಾತಿನ ಊನಾ. ಸತ್ತ ದನದ ಚರ್ಮ ಸುಲಿಯುತ್ತಿದ್ದವರನ್ನು ಕಾರಿಗೆ ಕಟ್ಟಿ ಹೊಡೆದರು. ಆ ವಿಡಿಯೋ ಮಾಡಿದ್ದು ಯಾರು? ಹೊಡೆದವರ ಕಡೆಯವರೇ. ಹೆದರಿಸಲು, ತಮ್ಮ ಪೌರುಷ ತೋರಿಸಲು. ಅದೇ ವಿಡಿಯೋ ನೋಡಿ ದೇಶ ಪೂರ್ತಿ ಬೀದಿಗೆ ಬಂತು. ಅಂದರೆ ನಮಗೆ ಆಗುವ ಅನ್ಯಾಯ ನಿಮ್ಮ ಕಣ್ಣಿಗೆ ಬೀಳಬೇಕಾದರೆ ಹೊಡೆಯುವವನೇ ಫೋಕಸ್ ಸರಿ ಮಾಡಿ ತೆಗೆಯಬೇಕು.

ಸುಮ್ನೆ_ಓದುವವಳು
ಇದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ ಅನ್ಸುತ್ತೆ.

ಜರ್ಸಿ_ಜೋಳದರೊಟ್ಟಿ
ಉತ್ತರ ಅಲ್ಲ, ಸೇರಿಸ್ತೀನಿ. ನಾನಿರುವ ದೇಶದಲ್ಲಿ ವಿಡಿಯೋ ಇದ್ದರೂ ಸಾಲದು ಅಂತ ಒಂದು ಸಲ ಆಗಿದೆ. 1991ರ ಮಾರ್ಚ್ 3, ಲಾಸ್ ಏಂಜಲೀಸ್. ಪೊಲೀಸರು ಕಪ್ಪು ಜನಾಂಗದ ರಾಡ್ನಿ ಕಿಂಗ್‌ನನ್ನು ಹೊಡೆಯುವುದನ್ನು ಎದುರು ಮನೆಯವನು ತನ್ನ ಬಾಲ್ಕನಿಯಿಂದ ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದ. ಲೋಕ ಪೂರ್ತಿ ನೋಡಿತು. ಇನ್ನು ಶಿಕ್ಷೆ ಗ್ಯಾರಂಟಿ ಅಂದುಕೊಂಡರು. ಕೋರ್ಟಲ್ಲಿ ಪೊಲೀಸರ ವಕೀಲರು ಅದೇ ಟೇಪನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ತೋರಿಸಿದರು. ನೋಡಿ, ಇಲ್ಲಿ ಅವನ ಕಾಲು ಏಳುತ್ತಿದೆ, ಇಲ್ಲಿ ಏಳಲು ನೋಡುತ್ತಿದ್ದಾನೆ, ಅಂತ. ಹಂಗೆ ನಿಲ್ಲಿಸಿ ನಿಲ್ಲಿಸಿ ತೋರಿಸಿದರೆ ಏಟು ಏಟಾಗಿ ಕಾಣೋದಿಲ್ಲ. ಟಿವಿಯವರು ಟೇಪಿನ ಮೊದಲ ಕೆಲವು ಸೆಕೆಂಡು ಬಿಟ್ಟು ತೋರಿಸಿದ್ದರು, ಅದನ್ನೂ ವಕೀಲರು ಚೆನ್ನಾಗಿ ಬಳಸಿಕೊಂಡರು. 1992ರ ಏಪ್ರಿಲ್ 29ಕ್ಕೆ ತೀರ್ಪು, ಯಾರಿಗೂ ಶಿಕ್ಷೆ ಇಲ್ಲ. ಊರು ಉರಿಯಿತು, 50ಕ್ಕೂ ಜಾಸ್ತಿ ಜನ ಸತ್ತರು.

ಲಾಟೀನು
ಸಣ್ಣ ತಿದ್ದುಪಡಿ. 1993ರಲ್ಲಿ ಫೆಡರಲ್ ಕೋರ್ಟಿನಲ್ಲಿ ಇಬ್ಬರಿಗೆ ಶಿಕ್ಷೆ ಆಯಿತು. ಮತ್ತೆ 2020ರ ಮೇ 25, ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್. 17 ವರ್ಷದ ಹುಡುಗಿ ಫೋನ್ ಹಿಡಿದು ಅಲುಗಾಡದೆ ನಿಂತಳು. ಪೊಲೀಸರ ಮೊದಲ ಹೇಳಿಕೆಯಲ್ಲಿ ಕುತ್ತಿಗೆ ಮೇಲೆ ಮೊಣಕಾಲು ಇಟ್ಟ ಮಾತೇ ಇರಲಿಲ್ಲ. ಆಕೆ ಕತ್ತರಿಸದೆ ಹಾಕಿದ್ದು, ಅಲ್ಲಿ ಅದೇ ಮುಖ್ಯ.

ಜರ್ಸಿ_ಜೋಳದರೊಟ್ಟಿ
1993 ಸರಿ, ಮರೆತಿದ್ದೆ. ಥ್ಯಾಂಕ್ಸ್.

ಬನಶಂಕರಿ_ಬಸ್
ಅಮೆರಿಕ, ಕಾಂಗೋ ಎಲ್ಲ ಆಯಿತು, ಇನ್ನು ಅಂಟಾರ್ಕ್ಟಿಕಾ ಒಂದು ಬಾಕಿ.

ಮಲೆನಾಡು_ಮಾಣಿ
ಬರ್ಮಾ ಇದೆಯಲ್ಲ, ಪಕ್ಕದಲ್ಲೇ. ರೋಹಿಂಗ್ಯಾ ಮುಸ್ಲಿಮರ ಮೇಲಿನ ಹಿಂಸೆಯ ವಿಷಯದಲ್ಲಿ ಫೇಸ್‌ಬುಕ್‌ನವರೇ 2018ರಲ್ಲಿ ಒಪ್ಪಿಕೊಂಡರು, ನಾವು ಮಾಡಬೇಕಾದಷ್ಟು ಮಾಡಲಿಲ್ಲ ಅಂತ. ಬರ್ಮೀ ಭಾಷೆ ಓದಿ ದ್ವೇಷದ ಪೋಸ್ಟ್ ತೆಗೆಯುವವರು ಮೊದಮೊದಲು ಬೆರಳೆಣಿಕೆ. ಮತ್ತೊಂದು ತಮಾಷೆಯಲ್ಲದ ತಮಾಷೆ, ಫಾಂಟ್. ಅಲ್ಲಿ ಜನ ಬಳಸುತ್ತಿದ್ದದ್ದು ಜಾವ್‌ಜೀ ಅನ್ನುವ ಹಳೆ ಫಾಂಟ್, ಯೂನಿಕೋಡ್ ಅಲ್ಲ. ಹಾಗಾಗಿ ಕಂಪ್ಯೂಟರಿಗೆ ಅವರು ಏನು ಬರೆದಿದ್ದಾರೆ ಅಂತ ಸರಿಯಾಗಿ ಓದಲು ಆಗುತ್ತಿರಲಿಲ್ಲ.

ನುಡಿ_ಪ್ರೇಮಿ
ಕನ್ನಡ ಟೈಪ್ ಮಾಡುವ ನಮ್ಮ ನುಡಿ, ಬರಹ ತಂತ್ರಾಂಶಗಳ ಕಥೆನೇ! ಈಗಲೂ ನಮ್ಮ ಆಫೀಸಿಗೆ ಹಳೆ ನುಡಿ ಫೈಲ್ ಬಂದರೆ ಪರದೆ ಮೇಲೆ ಬರೀ ಇಂಗ್ಲಿಷ್ ಗುಂಡುಪಿನ್ನು ಚೆಲ್ಲಿದ ಹಾಗೆ ಕಾಣುತ್ತೆ.

ಬನಶಂಕರಿ_ಬಸ್
ಬರಹವೇ ಚೆನ್ನಾಗಿತ್ತು.

ನುಡಿ_ಪ್ರೇಮಿ
ನುಡಿ ಕೀಲಿಮಣೆ ಮುಂದೆ ಬರಹ ಏನೂ ಅಲ್ಲ. ಬೇಕಾದರೆ ಬೇರೆ ಎಳೆ ಶುರು ಮಾಡಿ, ಬರ್ತೀನಿ.

ನಿವೃತ್ತ_ಡೆಸ್ಕು
ದಯವಿಟ್ಟು ಬೇಡ. 2009ರಿಂದ ಈ ಜಗಳ ನೋಡ್ತಾ ಇದ್ದೀನಿ.

ಸುಮ್ನೆ_ಓದುವವಳು
ನಾನು ಸಾಮಾನ್ಯವಾಗಿ ಬರೆಯಲ್ಲ. ಒಂದು ನೆನಪು ಹೇಳಿ ಹೋಗ್ತೀನಿ.

2012ರ ಆಗಸ್ಟ್. ನಮ್ಮ ಮನೆ ಮಹಡಿ ಮೇಲೆ ಅಸ್ಸಾಮಿನ ಇಬ್ಬರು ಹುಡುಗಿಯರು ಬಾಡಿಗೆಗಿದ್ದರು, ಪಾರ್ಲರ್‌ನಲ್ಲಿ ಕೆಲಸ. ಜುಲೈನಲ್ಲಿ ಅವರ ಕೊಕ್ರಾಝಾರ್ ಕಡೆ ಬೋಡೋ ಬುಡಕಟ್ಟಿನವರಿಗೂ ಮುಸ್ಲಿಮರಿಗೂ ಗಲಾಟೆ ಆಗಿತ್ತು. ಇಲ್ಲಿ ಎಸ್ಸೆಮ್ಮೆಸ್ ಹರಿದಾಡಲು ಶುರುವಾಯಿತು, ರಂಜಾನ್ ಹಬ್ಬ ಮುಗಿದ ಮೇಲೆ ಈಶಾನ್ಯದವರನ್ನು ಬಿಡಲ್ಲವಂತೆ ಅಂತ. ಇಲ್ಲಿ ಒಬ್ಬರೂ ಅವರಿಗೆ ಏನೂ ಅಂದಿರಲಿಲ್ಲ. ಅಮ್ಮ ಮೇಲೆ ಹೋಗಿ, "ಯಾಕಮ್ಮ ಹೆದರ್ತೀರ, ನಾವಿಲ್ವಾ" ಅಂದರು. ಆ ಹುಡುಗಿ ತನ್ನ ನೋಕಿಯಾ ಫೋನ್ ತೋರಿಸಿದಳು. ಒಂದೇ ಮೆಸೇಜ್, ಹನ್ನೊಂದು ಜನರಿಂದ ಬಂದಿತ್ತು. ಹನ್ನೊಂದು ಜನ ಸುಳ್ಳು ಹೇಳ್ತಾರಾ ಆಂಟಿ ಅಂತ ಕೇಳಿದಳು. ಅಮ್ಮನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಲಕ್ಕಿ ಕಟ್ಟಿಕೊಟ್ಟರು, ಅಪ್ಪ ಆಟೋದಲ್ಲಿ ಸ್ಟೇಷನ್‌ಗೆ ಬಿಟ್ಟು ಬಂದರು. ಗುವಾಹಟಿಗೆ ಸ್ಪೆಷಲ್ ಟ್ರೈನ್ ಬಿಟ್ಟಿದ್ದರು, ಪ್ಲಾಟ್‌ಫಾರ್ಮ್ ಮೇಲೆ ಕಾಲಿಡಲು ಜಾಗ ಇರಲಿಲ್ಲವಂತೆ. ಆಮೇಲೆ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಮಿತಿ ಹಾಕಿತು. ಅದರಲ್ಲಿ ಒಬ್ಬಳು ವಾಪಸ್ ಬಂದಳು. ಇನ್ನೊಬ್ಬಳು ಬರಲಿಲ್ಲ, ಅವಳ ಒಂದು ಜೊತೆ ಚಪ್ಪಲಿ ಬಹಳ ದಿನ ಮೆಟ್ಟಿಲ ಮೇಲೇ ಇತ್ತು.

ಬೀದರ್_ಬಿಸಿಲು
ಹನ್ನೊಂದು ಜನ ಸುಳ್ಳು ಹೇಳಲಿಲ್ಲ. ಹನ್ನೊಂದು ಜನ ಹೆದರಿದ್ದರು.

ಜರ್ಸಿ_ಜೋಳದರೊಟ್ಟಿ
ಓದಿದವರು, ದೊಡ್ಡ ಸ್ಟುಡಿಯೋದವರು ಮಾಡೋದಿಲ್ಲ ಅಂದುಕೊಳ್ಳಬೇಡಿ. 2025ರ ಮೇ, ಆಪರೇಷನ್ ಸಿಂಧೂರ ನಡೆಯುವಾಗ ಇಲ್ಲಿ ನನಗೆ ಹಗಲು, ಕೆಲಸ ಬಿಟ್ಟು ಯೂಟ್ಯೂಬಲ್ಲಿ ನಮ್ಮ ಚಾನೆಲ್‌ಗಳನ್ನೇ ನೋಡ್ತಾ ಕೂತಿದ್ದೆ. ಕರಾಚಿ ಬಂದರು ಧ್ವಂಸ ಅಂತ ಹಾಕಿದರು. ಸೈರನ್ ಸದ್ದು ಸ್ಟುಡಿಯೋ ಒಳಗಿಂದ. ನಾನು ನಂಬಿದೆ, ಅಪ್ಪನಿಗೆ ಫೋನ್ ಮಾಡಿ ಹೇಳಿದೆ ಕೂಡ. ಬೆಳಗಾದರೆ ಬಂದರು ಇದ್ದ ಹಾಗೇ ಇದೆ. ಯುದ್ಧದ ವಿಡಿಯೋ ಅಂತ ಆ ದಿನಗಳಲ್ಲಿ ಸುತ್ತಾಡಿದ್ದರಲ್ಲಿ ಕೆಲವು ವಿಡಿಯೋ ಗೇಮ್‌ದು. ನನ್ನ ಮಗ, ಒಂಬತ್ತನೇ ಕ್ಲಾಸು, ಎರಡೇ ಸೆಕೆಂಡಲ್ಲಿ "ಪಪ್ಪಾ ಇದು ಆರ್ಮಾ 3" ಅಂದ.

ಡಾಟಾ_ಪ್ಯಾಕ್
2018ರಲ್ಲೂ ಕರಾಚಿ, 2025ರಲ್ಲೂ ಕರಾಚಿ. ಆ ಊರಿನ ವಿಡಿಯೋ ಬಂದರೆ ಫೋನ್ ಸ್ವಿಚಾಫ್ ಮಾಡೋದು ವಾಸಿ 😄

ಕೋಲಾರ_ಚಿನ್ನ
ಹಳೇ_ಚಾರ್ಜರ್ ಅವರೇ, ಪ್ರಶ್ನೆ ಕೇಳಿ ಮಾಯ ಆಗಿಬಿಟ್ಟಿರಿ. ಮೂರು ಗ್ರೂಪಿಗೆ ಕಳಿಸಿದೆ ಅಂದಿರಿ. ಆಮೇಲೆ ಏನಾಯಿತು? ಆ ಗ್ರೂಪಿಗೆ ಅಸಲಿ ವಿಡಿಯೋ ಕಳಿಸಿದಿರಾ?

ಹಳೇ_ಚಾರ್ಜರ್
ಇಲ್ಲ. ಓದುತ್ತಾ ಇದ್ದೆ.

ಮೊದಲ ಪೋಸ್ಟಿನಲ್ಲಿ ಒಂದು ವಿಷಯ ಬರೆದಿರಲಿಲ್ಲ. ಆ ಮೂರರಲ್ಲಿ ಒಂದು ನಮ್ಮ ಅಪಾರ್ಟ್‌ಮೆಂಟ್ ಗ್ರೂಪ್. ಕಳಿಸಿದ ಎರಡನೇ ದಿನ, ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬಂದಳು. ವರ್ಷಗಳಿಂದ ಬರುತ್ತಿದ್ದವಳೇ. ಅವಳು ಕೆಳಗೆ ಆಡುತ್ತಿದ್ದ ಒಂದು ಮಗುವಿಗೆ ಬಿಸ್ಕತ್ ಕೊಟ್ಟಳು. ಸೆಕ್ಯೂರಿಟಿಯವನು ಗೇಟ್ ಹಾಕಿದ. ಜನ ಇಳಿದು ಬಂದರು. ಅವಳ ಬುಟ್ಟಿ ಬಗ್ಗಿಸಿದರು, ಪಾತ್ರೆಗಳೆಲ್ಲ ನೆಲದ ಮೇಲೆ ಉರುಳಿದವು, ಆ ಸದ್ದಿಗೆ ಇನ್ನಷ್ಟು ಜನ ಬಂದರು. ಎರಡು ಗಂಟೆ ಕೂರಿಸಿಕೊಂಡಿದ್ದರು. ನಾಲ್ಕನೇ ಮಹಡಿಯ ಅಜ್ಜಿ ಒಬ್ಬರು ಬಂದು "ಇವಳಿಗೆ ನಾನು ಹತ್ತು ವರ್ಷದಿಂದ ಸೀರೆ ಕೊಡ್ತಿದ್ದೀನಿ, ಬಿಡ್ರೋ" ಅಂದ ಮೇಲೆ ಬಿಟ್ಟರು. ಯಾರೂ ಕೈ ಮಾಡಲಿಲ್ಲ. ಆದರೆ ಒಬ್ಬ ಅವಳ ಫೋಟೋ ತೆಗೆಯುತ್ತಿದ್ದ. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಇಳಿಯಲಿಲ್ಲ. ಅವಳು ಮತ್ತೆ ನಮ್ಮ ಕಡೆ ಬರಲೇ ಇಲ್ಲ.

ಸುಮ್ನೆ_ಓದುವವಳು
ಇದನ್ನೇ ಮೊದಲು ಬರೆಯಬೇಕಿತ್ತು ನೀವು.

ಬೀದರ್_ಬಿಸಿಲು
ನಿಮ್ಮ ಪೋಸ್ಟಿಗೂ ಕತ್ತರಿ ಬಿದ್ದಿತ್ತು ಅನ್ನಿ.

ಹಳೇ_ಚಾರ್ಜರ್
ಹೌದು.

ಮಂಡ್ಯ_ಹೈದ
ಬಿಡ್ರಪ್ಪ, ಹೇಳಿಕೊಂಡರಲ್ಲ. ಎಷ್ಟು ಜನ ಹೇಳ್ಕೋತಾರೆ. ಈಗಲಾದರೂ ಪೂರ್ತಿ ವಿಡಿಯೋ ಹುಡುಕಿ ಕಳಿಸಿ ಗುರುಗಳೇ.

ಹಳೇ_ಚಾರ್ಜರ್
ಅಪಾರ್ಟ್‌ಮೆಂಟ್ ಗ್ರೂಪ್ ಈಗಿಲ್ಲ, ನಾನು ಮನೆ ಬಿಟ್ಟ ಮೇಲೆ ತೆಗೆದುಹಾಕಿದರು. ಆಫೀಸ್ ಗ್ರೂಪಿನಲ್ಲಿ ಉಳಿದಿರುವವರು ಇಬ್ಬರು. ಫ್ಯಾಮಿಲಿ ಗ್ರೂಪ್ ಇದೆ, 41 ಜನ. ಈಗಷ್ಟೇ ಅಸಲಿ ವಿಡಿಯೋ ಹಾಕಿದೆ. "2018ರಲ್ಲಿ ನಾನು ಕಳಿಸಿದ್ದು ಅರ್ಧ, ದಯವಿಟ್ಟು ಕೊನೆವರೆಗೂ ನೋಡಿ" ಅಂತ ಬರೆದಿದ್ದೀನಿ.

ಡಾಟಾ_ಪ್ಯಾಕ್
ಏನಂದರು ಅಂತ ಹೇಳಿ.

ಹಳೇ_ಚಾರ್ಜರ್
ಮಾವ ಕೈ ಮುಗಿಯುವ ಎಮೋಜಿ ಹಾಕಿದರು. ಚಿಕ್ಕಪ್ಪ ಅದೇ ಹೊತ್ತಿಗೆ ಶನಿವಾರದ ಆಂಜನೇಯ ಹಾಕಿದರು. ಉಳಿದವರು ನೋಡಿದ್ದಾರೆ, ನೀಲಿ ಟಿಕ್ ಬಂದಿದೆ, ಮಾತಿಲ್ಲ.

ಹಳೇ_ಚಾರ್ಜರ್
ಇನ್ನೊಂದು. ತುಮಕೂರಿನ ಅತ್ತೆ ಈಗ ಫೋನ್ ಮಾಡಿದ್ದರು. "ಅಯ್ಯೋ ಮಕ್ಕಳ ಕಳ್ಳರು ಮತ್ತೆ ಬಂದಿದ್ದಾರೇನೋ? ನಿನ್ನ ವಿಡಿಯೋ ನೋಡಿ ಎದೆ ಧಸಕ್ ಅಂತು" ಅಂದರು. ಕೊನೆವರೆಗೂ ನೋಡಿದಿರಾ ಅತ್ತೆ ಅಂದೆ. ಮಗು ಎತ್ಕೊಂಡು ಹೋದ ಮೇಲೆ ನೋಡಲು ಆಗಲಿಲ್ಲವಂತೆ, ಆಫ್ ಮಾಡಿಬಿಟ್ಟರಂತೆ.

ಅವರ ಭಜನಾ ಮಂಡಳಿ ಗ್ರೂಪಿಗೂ ಹಾಕಿದ್ದಾರಂತೆ. ಹಾಕಿ ಇನ್ನೂ ಹತ್ತು ನಿಮಿಷ ಆಗಿಲ್ಲ, ತಡಿರಿ, ಡಿಲೀಟ್ ಮಾಡಿಸಿ ಬರ್ತೀನಿ.

ಬನಶಂಕರಿ_ಬಸ್
ಓಡಿ ಸ್ವಾಮಿ ಓಡಿ.